ಕಂಡೆನ್ಸೇಟ್ ಪಂಪ್ ಬೇಡವೆನ್ನುವವರಿಗೆ

ಸ್ಟೀಮ್‌ನಿಂದ ಕಾಯಿಸುವ ಯಾವ ಜಾಗದಲ್ಲೇ ಆಗಲಿ, ಅಕ್ಕಿ ಮಿಲ್ಲಿನ ಡ್ರೈಯರ್‌ನಲ್ಲಿ, ಬಣ್ಣ ಹಾಕುವ ಕಾರ್ಖಾನೆಯ ಜಿಗ್ಗರ್‌ನಲ್ಲಿ, ಡೇರಿಯ ಪಾಶ್ಚರೈಸರ್‌ನಲ್ಲಿ, ಶಾಖ ಕೊಟ್ಟು ಮುಗಿಸಿದ ಹಬೆ ಮತ್ತೆ ನೀರಾಗುತ್ತದೆ. ಈ ನೀರೇ ಕಂಡೆನ್ಸೇಟ್. ಇದನ್ನು ಒಂದು ರಿಸೀವರ್ ಟ್ಯಾಂಕಿಗೆ ಇಳಿಸಿ, ಪಕ್ಕದಲ್ಲಿ ಒಂದು ಸಣ್ಣ ಎಲೆಕ್ಟ್ರಿಕ್ ಪಂಪ್ ಕೂರಿಸಿ, ಬಾಯ್ಲರ್‌ನ ಫೀಡ್ ಟ್ಯಾಂಕಿಗೆ ವಾಪಸ್ ಕಳಿಸಿ ಎಂದು ನಾನೂ ನನ್ನಂಥ ಕೆಲವರೂ ಹೇಳುತ್ತಲೇ ಬಂದಿದ್ದೇವೆ. ವಿರೋಧ ಮೂರು ಕಡೆಯಿಂದ ಬರುತ್ತದೆ. ಮಾಲೀಕರು ಒಂದು ಹೇಳುತ್ತಾರೆ, ಬಾಯ್ಲರ್ ಮನೆಯಲ್ಲಿ ದುಡಿಯುವ ಅಟೆಂಡೆಂಟರು ಮತ್ತು ಫಿಟ್ಟರುಗಳು ಇನ್ನೊಂದು, ಬೇರೆ ಬಗೆಯ ಪಂಪ್ ಮಾರುವವರು ಮತ್ತೊಂದು. ಮೂವರ ಮಾತಿನ ಹಿಂದೆಯೂ ಕಂಡುಂಡ ಅನುಭವ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಅನುಭವದಿಂದ ಅವರು ಮುಟ್ಟಿದ ತೀರ್ಮಾನ ತಪ್ಪು ಎಂಬುದು ನನ್ನ ವಾದ. ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಮೊದಲು ಮಾಲೀಕರ ಮಾತು. ಕರಾವಳಿಯ ಕುಚ್ಚಲಕ್ಕಿ ಮಿಲ್ಲುಗಳಲ್ಲೂ ತುಂಗಭದ್ರಾ ಸೀಮೆಯ ಸ್ಟೀಮ್ ರೈಸ್ ಮಿಲ್ಲುಗಳಲ್ಲೂ ಇದು ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ: “ನಮ್ಮದು ಹೊಟ್ಟಿನ ಬಾಯ್ಲರ್. ಹೊಟ್ಟು ನಮ್ಮ ಭತ್ತದ್ದೇ. ನೀರು ನಮ್ಮ ಬೋರ್‌ವೆಲ್‌ದೇ. ಪುಕ್ಕಟೆ ಸಿಗುವುದನ್ನು ಉಳಿಸಲು ದುಡ್ಡು ಯಾಕೆ ಹಾಕಬೇಕು?”

ಹೊಟ್ಟು ಪುಕ್ಕಟೆ ಎಂಬುದು ಮಿಲ್ಲಿನ ಗೇಟಿನ ಒಳಗಿನ ಲೆಕ್ಕ. ಗೇಟಿನ ಹೊರಗೆ ಅದಕ್ಕೆ ಬೆಲೆ ಇದೆ. ಇಟ್ಟಿಗೆ ಭಟ್ಟಿಯವರು ಕೊಳ್ಳುತ್ತಾರೆ, ಬಯೊಮಾಸ್ ವಿದ್ಯುತ್ ಘಟಕದವರು ಕೊಳ್ಳುತ್ತಾರೆ, ಸ್ವಂತ ಹೊಟ್ಟು ಇಲ್ಲದ ಬೇರೆ ಬಾಯ್ಲರ್‌ನವರು ಲಾರಿ ಕಳಿಸಿ ಒಯ್ಯುತ್ತಾರೆ. ಮಾರಬಹುದಾದ ಮಾಲನ್ನು ಸುಟ್ಟರೆ ಅದು ಖರ್ಚೇ. ಎಷ್ಟು ಖರ್ಚು ಎಂದು ನೋಡೋಣ. ಡ್ರೈಯರ್ ಗಂಟೆಗೆ ಒಂದು ಟನ್ ಸ್ಟೀಮ್ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಅಷ್ಟೇ ತೂಕದ ಕಂಡೆನ್ಸೇಟ್ 90 ಡಿಗ್ರಿ ಬಿಸಿಯಲ್ಲಿ ಫೀಡ್ ಟ್ಯಾಂಕಿಗೆ ಬಂದರೆ, 27 ಡಿಗ್ರಿಯ ಬೋರ್‌ವೆಲ್ ನೀರನ್ನು ಅಷ್ಟು ಬಿಸಿ ಮಾಡುವ ಕೆಲಸ ತಪ್ಪುತ್ತದೆ. ಆ ಶಾಖ 63,000 ಕಿಲೋ ಕ್ಯಾಲೊರಿ. ಕೆ.ಜಿ. ಹೊಟ್ಟಿಗೆ 3,000 ಕಿಲೋ ಕ್ಯಾಲೊರಿ, ಬಾಯ್ಲರ್ ದಕ್ಷತೆ ಶೇ 65 ಎಂದು ಹಿಡಿದರೆ ಗಂಟೆಗೆ 32 ಕೆ.ಜಿ. ಹೊಟ್ಟು ಉಳಿಯಿತು. ದಿನಕ್ಕೆ 20 ಗಂಟೆ ಓಡುವ ಮಿಲ್ಲಿಗೆ ಇದು 640 ಕೆ.ಜಿ. ಸೀಸನ್ನಿನ ಉದ್ದಕ್ಕೂ ಇದನ್ನು ಕೂಡಿಸುತ್ತ ಹೋಗಿ, ನಿಮ್ಮ ಊರಿನ ಹೊಟ್ಟಿನ ದರದಿಂದ ಗುಣಿಸಿ, ಪಂಪಿನ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಫೀಡ್ ನೀರು 6 ಡಿಗ್ರಿ ಬಿಸಿಯಾದರೆ ಇಂಧನ ಸುಮಾರು ಶೇ 1ರಷ್ಟು ಉಳಿಯುತ್ತದೆ ಎಂದು ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿಯ ಕೈಪಿಡಿಗಳು ಹೇಳುವುದೂ ಇದೇ ಲೆಕ್ಕದ ಇನ್ನೊಂದು ರೂಪ.

ನೀರಿನ ವಿಷಯ ಹೊಟ್ಟಿಗಿಂತ ದೊಡ್ಡದು. ಬೋರ್‌ವೆಲ್ ನೀರು ಬಾಯ್ಲರ್‌ಗೆ ಹೋಗುವ ಮೊದಲು ಸಾಫ್ಟ್‌ನರ್ ದಾಟಬೇಕು, ಅದಕ್ಕೆ ಉಪ್ಪು ಸುರಿಯಬೇಕು. ಸಾಫ್ಟ್‌ನರ್ ಗಡಸುತನ ತೆಗೆಯುತ್ತದೆಯೇ ಹೊರತು ನೀರಿನಲ್ಲಿ ಕರಗಿದ ಲವಣದ ಒಟ್ಟು ಪ್ರಮಾಣವನ್ನು, ಅಂದರೆ ಟಿಡಿಎಸ್ ಅನ್ನು, ಇಳಿಸುವುದಿಲ್ಲ. ಇದು ಎಷ್ಟೋ ಮಾಲೀಕರಿಗೆ ಗೊತ್ತಿಲ್ಲ, ಸಾಫ್ಟ್‌ನರ್ ಇದೆ ಎಂದು ನಿಶ್ಚಿಂತರಾಗಿರುತ್ತಾರೆ. ಹಬೆ ಎದ್ದು ಹೋದಂತೆ ಲವಣವೆಲ್ಲ ಬಾಯ್ಲರ್‌ನಲ್ಲೇ ಕೂಡುತ್ತದೆ, ಅದಕ್ಕಾಗಿಯೇ ಬ್ಲೋಡೌನ್ ಮಾಡಿ ಕುದಿಯುವ ನೀರನ್ನು ಹೊರಗೆ ಬಿಡುತ್ತೇವೆ. ಫೀಡ್ ನೀರಿನ ಟಿಡಿಎಸ್ 500 ಇದ್ದು, ಬಾಯ್ಲರ್‌ನೊಳಗೆ ಅದು 3,500 ದಾಟಬಾರದು ಎಂದಾದರೆ, ಉತ್ಪಾದಿಸುವ ಸ್ಟೀಮ್‌ನ ಸುಮಾರು ಶೇ 17ರಷ್ಟು ನೀರನ್ನು ಬ್ಲೋಡೌನ್‌ನಲ್ಲಿ ಚೆಲ್ಲಬೇಕು. ಅರ್ಧದಷ್ಟು ಕಂಡೆನ್ಸೇಟ್ ವಾಪಸ್ ಬಂದರೆ, ಅದು ಬಹುಮಟ್ಟಿಗೆ ಬಟ್ಟಿ ಇಳಿಸಿದ ನೀರಿನಂತೆಯೇ ಇರುವುದರಿಂದ, ಫೀಡ್ ನೀರಿನ ಟಿಡಿಎಸ್ 250ಕ್ಕೆ ಇಳಿಯುತ್ತದೆ, ಬ್ಲೋಡೌನ್ ಶೇ 8ಕ್ಕಿಂತ ಕೆಳಗೆ ಬರುತ್ತದೆ. ಮೊದಲು ಹೇಳಿದ 32 ಕೆ.ಜಿ. ಹೊಟ್ಟಿನಲ್ಲಿ ಈ ಉಳಿತಾಯ ಸೇರಿಲ್ಲ. ಟ್ಯೂಬಿಗೆ ಕಟ್ಟುವ ಚಕ್ಕೆ ಕಡಿಮೆಯಾಗುವುದೂ ಸೇರಿಲ್ಲ.

ಎರಡನೆಯ ಆಕ್ಷೇಪ ಫಿಟ್ಟರುಗಳದು. “ಪಂಪ್ ಯಾಕ್ರೀ ಬೇಕು? ಒಳಗೆ ನಾಲ್ಕು ಬಾರ್ ಸ್ಟೀಮ್ ಇದೆ. ಅದೇ ಟ್ರ್ಯಾಪ್ ಮೂಲಕ ನೀರನ್ನು ತಳ್ಳಿಕೊಂಡು ಮೇಲಿನ ಟ್ಯಾಂಕಿಗೆ ಹೋಗುತ್ತದೆ.” ಟ್ರ್ಯಾಪ್ ಎಂದರೆ ಹಬೆಯನ್ನು ತಡೆದು ನೀರನ್ನಷ್ಟೇ ಹೊರಬಿಡುವ ವಾಲ್ವ್. ಲೆಕ್ಕಕ್ಕೆ ಫಿಟ್ಟರುಗಳ ಮಾತು ಸರಿ. ಒಂದು ಬಾರ್ ಒತ್ತಡ ನೀರನ್ನು ಹೆಚ್ಚುಕಡಿಮೆ 10 ಮೀಟರ್ ಎತ್ತುತ್ತದೆ, ಫೀಡ್ ಟ್ಯಾಂಕ್ ಇರುವುದು ಆರೇಳು ಮೀಟರ್ ಎತ್ತರದಲ್ಲಿ. ಆದರೆ ನಾಲ್ಕು ಬಾರ್ ಇರುವುದು ಸ್ಟೀಮ್ ಹಂಚುವ ದೊಡ್ಡ ಪೈಪಾದ ಹೆಡರ್‌ನಲ್ಲಿ. ಡ್ರೈಯರ್‌ನ ರೇಡಿಯೇಟರ್ ಒಳಗೆ ಎಷ್ಟಿದೆ ಎಂದು ಗೇಜ್ ಹಾಕಿ ನೋಡಿದವರು ಕಡಿಮೆ. ಬೆಳಿಗ್ಗೆ ತಣ್ಣಗಿರುವ ರೇಡಿಯೇಟರ್‌ಗೆ ಸ್ಟೀಮ್ ಬಿಟ್ಟಾಗ ಅದು ಬಂದಷ್ಟೂ ಅಲ್ಲೇ ನೀರಾಗುತ್ತದೆ, ಒತ್ತಡ ಸೊನ್ನೆಯ ಹತ್ತಿರ ಇರುತ್ತದೆ. ಉಷ್ಣತೆ ನಿಯಂತ್ರಿಸುವ ವಾಲ್ವ್ ಇದ್ದರಂತೂ ಗಾಳಿ ಬೇಕಾದಷ್ಟು ಬಿಸಿಯಾದ ತಕ್ಷಣ ವಾಲ್ವ್ ಮುಚ್ಚಿಕೊಳ್ಳುತ್ತದೆ, ಒಳಗಿನ ಹಬೆ ನೀರಾಗಿ ಕುಗ್ಗುತ್ತದೆ, ಒತ್ತಡ ಹೊರಗಿನ ಗಾಳಿಗಿಂತಲೂ ಕೆಳಗೆ ಇಳಿಯಬಹುದು. ಆಗ ಆರು ಮೀಟರ್ ನೀರಿನ ಕಂಬವನ್ನು ತಳ್ಳುವವರು ಯಾರೂ ಇಲ್ಲ. ನೀರು ರೇಡಿಯೇಟರ್‌ನ ಕೆಳಗಿನ ಟ್ಯೂಬುಗಳಲ್ಲೇ ನಿಲ್ಲುತ್ತದೆ.

ನಿಂತ ನೀರು ಏನು ಮಾಡುತ್ತದೆ ಎಂಬುದನ್ನು ಮಿಲ್ಲಿನವರು ಬೇರೆ ಹೆಸರಿನಲ್ಲಿ ಬಲ್ಲರು. ಡ್ರೈಯರ್‌ನ ಒಂದು ಬದಿಯ ಭತ್ತ ಒಣಗುತ್ತದೆ, ಇನ್ನೊಂದು ಬದಿಯದು ಹಸಿಯಾಗೇ ಉಳಿಯುತ್ತದೆ. ವಾಲ್ವ್ ಮತ್ತೆ ತೆರೆದಾಗ ಪೈಪಿನಲ್ಲಿ ಸುತ್ತಿಗೆ ಬಡಿದಂಥ ಸದ್ದು. ಎರಡು ಮೂರು ಸೀಸನ್ನಿನಲ್ಲಿ ಕೆಳಗಿನ ಟ್ಯೂಬು ತೂತಾಗುತ್ತದೆ. ರೇಡಿಯೇಟರ್ ಮಾಡಿಕೊಟ್ಟವನನ್ನು ಬೈದು ಹೊಸದು ಹಾಕಿಸುತ್ತಾರೆ, ನೀರು ಮಾತ್ರ ಮೊದಲಿನಂತೆಯೇ ನಿಲ್ಲುತ್ತದೆ. ಟ್ರ್ಯಾಪ್‌ನಿಂದ ಹೊರಬಿದ್ದ ನೀರು ಇಳಿಜಾರಿನಲ್ಲಿ, ಎದುರು ಒತ್ತಡವಿಲ್ಲದೆ, ಕೆಳಗಿನ ರಿಸೀವರ್‌ಗೆ ತಾನಾಗಿ ಇಳಿಯಬೇಕು. ಅಲ್ಲಿಂದ ಮೇಲಕ್ಕೆ ಎತ್ತುವ ಕೆಲಸ ಪಂಪಿನದು. ಆಗ ಡ್ರೈಯರ್‌ನೊಳಗೆ ಒತ್ತಡ ಎಷ್ಟೇ ಏರಲಿ ಇಳಿಯಲಿ, ನೀರಿನ ದಾರಿ ತೆರೆದೇ ಇರುತ್ತದೆ.

ಈಗ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಕ್ಕೆ ಬರುತ್ತೇನೆ. “ಹಾಕಿ ನೋಡಿದ್ದೇವೆ. ಆರು ತಿಂಗಳೂ ಬಾಳಲಿಲ್ಲ. ಗೊಗ್ಗರು ಸದ್ದು ಮಾಡುತ್ತದೆ, ನೀರು ಎತ್ತುವುದಿಲ್ಲ, ಸೀಲ್ ಸೋರುತ್ತದೆ, ಇಂಪೆಲ್ಲರ್ ಹುಳ ತಿಂದಂತಾಗಿರುತ್ತದೆ. ಕರೆಂಟ್ ಪಂಪ್ ಕುದಿ ನೀರಿಗೆ ಆಗಿಬರುವುದಿಲ್ಲ.” ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಅಂಥ ಪಂಪ್‌ಗಳನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ, ಪೈಪ್ ಕತ್ತರಿಸಿ ಮೂಲೆಗೆ ಒರಗಿಸಿಟ್ಟಿರುತ್ತಾರೆ. ಇದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಪಂಪ್ ಕೆಟ್ಟದ್ದಕ್ಕೆ ಕಾರಣ ಹುಡುಕಿದವರು ಅಲ್ಲಿ ಯಾರೂ ಇರಲಿಲ್ಲ.

ಪಂಪ್ ನೀರನ್ನು ಎಳೆಯುತ್ತದೆ ಎಂದು ನಾವು ಆಡುಮಾತಿನಲ್ಲಿ ಹೇಳುತ್ತೇವೆ. ನಡೆಯುವುದು ಬೇರೆ. ಟ್ಯಾಂಕಿನ ನೀರಿನ ಮೇಲೆ ವಾತಾವರಣದ ಗಾಳಿ ಒತ್ತುತ್ತದೆ, ಆ ಒತ್ತಡವೇ ನೀರನ್ನು ಇಂಪೆಲ್ಲರ್‌ನ ಕಣ್ಣಿಗೆ ನೂಕುತ್ತದೆ. ಇಂಪೆಲ್ಲರ್‌ನ ಬಾಯಲ್ಲಿ ಒತ್ತಡ ಸ್ವಲ್ಪ ಇಳಿಯುತ್ತದೆ. ತಣ್ಣೀರಿಗೆ ಅದು ಲೆಕ್ಕಕ್ಕಿಲ್ಲ. ಕುದಿಯುವ ಅಂಚಿನಲ್ಲಿರುವ ನೀರಿಗೆ ಅಷ್ಟು ಇಳಿದರೂ ಸಾಕು, ಅಲ್ಲೇ ಕುದಿದು ಗುಳ್ಳೆಯಾಗುತ್ತದೆ. ಗುಳ್ಳೆ ಮುಂದೆ ಹೋಗಿ ಒತ್ತಡ ಸಿಕ್ಕಿದಾಗ ಸಿಡಿದು ಕುಸಿಯುತ್ತದೆ, ಲೋಹವನ್ನು ಚೂರುಚೂರಾಗಿ ಕಿತ್ತುಕೊಳ್ಳುತ್ತದೆ. ಗೊಗ್ಗರು ಸದ್ದು ಇದೇ, ಹುಳ ತಿಂದ ಗುರುತೂ ಇದರದೇ. ಗುಳ್ಳೆ ತುಂಬಿದ ಪಂಪಿನಲ್ಲಿ ಸೀಲ್‌ಗೆ ನೀರಿನ ತಂಪೂ ಜಾರುವಿಕೆಯೂ ಸಿಗುವುದಿಲ್ಲ, ಅದು ಒಣಗಿ ಸುಡುತ್ತದೆ.

ಇಲ್ಲಿ ನಮ್ಮ ರಾಜ್ಯದ ಭೂಗೋಳವೂ ಒಂದು ಪಾತ್ರ ವಹಿಸುತ್ತದೆ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ರಿಸೀವರ್‌ನಲ್ಲಿ 90 ಡಿಗ್ರಿಯ ನೀರಿದ್ದರೆ, ಪಂಪಿನ ಬಾಯಲ್ಲಿ ಕುದಿಯದಂತೆ ತಡೆಯುವ ಒತ್ತಡದ ಉಳಿಕೆ ಮಂಗಳೂರಿನಲ್ಲಿ 3.3 ಮೀಟರ್ ನೀರಿನಷ್ಟು, ಬೆಂಗಳೂರಿನಲ್ಲಿ 2.2 ಮೀಟರ್ ಅಷ್ಟೇ. ಪಂಪಿಗೆ 2.5 ಮೀಟರ್ ಬೇಕಿದ್ದರೆ ಒಂದೇ ಕಂಪನಿಯ ಒಂದೇ ಮಾಡೆಲ್ ಪಂಪ್ ಮಂಗಳೂರಿನಲ್ಲಿ ಸುಮ್ಮನೆ ಓಡುತ್ತದೆ, ಬೆಂಗಳೂರಿನ ಪೀಣ್ಯದಲ್ಲಿ ಅರಚುತ್ತದೆ. ಕ್ಯಾಟಲಾಗ್ ನೋಡಿ ಪಂಪ್ ಆರಿಸುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ. ನೀರು ಪೂರ್ತಿ ಕುದಿಯುವ ಮಟ್ಟಕ್ಕೆ ಬಂದರೆ ಎರಡೂ ಊರಲ್ಲಿ ಗಾಳಿಯ ಸಹಾಯ ಸೊನ್ನೆ, ಆಗ ಉಳಿಯುವುದು ರಿಸೀವರ್‌ನ ನೀರಿನ ಮಟ್ಟ ಪಂಪಿಗಿಂತ ಎಷ್ಟು ಮೇಲಿದೆ ಎಂಬುದೊಂದೇ.

ಹಾಗಾಗಿ ಪರಿಹಾರ ಸರಳ. ರಿಸೀವರ್ ಅನ್ನು ನೆಲದ ಮೇಲೆ ಪಂಪಿನ ಪಕ್ಕ ಇಡಬೇಡಿ, ಸ್ಟ್ಯಾಂಡ್ ಮೇಲೆ ಎತ್ತಿ ಇಡಿ. ಡ್ರೈಯರ್‌ನ ಟ್ರ್ಯಾಪ್ ಕೆಳಗಿದ್ದು ಎತ್ತಲು ಜಾಗವಿಲ್ಲದಿದ್ದರೆ ಪಂಪ್ ಅನ್ನು ಗುಂಡಿಗೆ ಇಳಿಸಿ. ನಿಮಿಷಕ್ಕೆ 2,900 ಸುತ್ತಿನ ಪಂಪಿನ ಬದಲು 1,450 ಸುತ್ತಿನದು ಆರಿಸಿದರೆ ಪಂಪಿಗೆ ಬೇಕಾಗುವ ಬಾಯಿ ಒತ್ತಡ ಸಾಕಷ್ಟು ತಗ್ಗುತ್ತದೆ. ಪಂಪ್ ತುಸು ದೊಡ್ಡದಾಗುತ್ತದೆ, ಬೆಲೆ ಹೆಚ್ಚುತ್ತದೆ, ಬಾಳಿಕೆಯಲ್ಲಿ ಆ ದುಡ್ಡು ಹಿಂದಿರುಗುತ್ತದೆ. ಸಕ್ಷನ್ ಪೈಪ್ ಗಿಡ್ಡವಾಗಿ, ಅಗಲವಾಗಿ ಇರಲಿ. ಸೀಲ್‌ನ ರಬ್ಬರ್ ನೈಟ್ರೈಲ್ ಬೇಡ, ಬಿಸಿನೀರಿಗೆ ಇಪಿಡಿಎಂ ಕೇಳಿ ಪಡೆಯಿರಿ. ಅಂಗಡಿಯಲ್ಲಿ ಸಿಗುವ ಮೊದಲ ಮೋನೊಬ್ಲಾಕ್ ಪಂಪ್ ತಂದು ಕೂರಿಸಿ, ಅದು ಕೆಟ್ಟಾಗ ಎಲೆಕ್ಟ್ರಿಕ್ ಪಂಪ್ ಎಂಬ ಜಾತಿಗೇ ಕೆಟ್ಟ ಹೆಸರು ತರುವುದು ನ್ಯಾಯವಲ್ಲ. ಹೊಲದ ಬಾವಿಗೆ ಮಾಡಿದ ಪಂಪ್ ಅದು.

ಜೋಡಣೆ ಸರಿಯಿದ್ದೂ ಕೆಟ್ಟ ಪಂಪ್‌ಗಳಿವೆ. ಅಲ್ಲಿ ನಾನು ಮೊದಲು ನೋಡುವುದು ಎರಡು ಜಾಗ. ಒಂದು, ಟ್ರ್ಯಾಪ್. ಟ್ರ್ಯಾಪ್ ತೆರೆದ ಸ್ಥಿತಿಯಲ್ಲಿ ಸಿಕ್ಕಿಹಾಕಿಕೊಂಡರೆ ನೀರಿನ ಜೊತೆ ಇನ್ನೂ ನೀರಾಗದ ಸ್ಟೀಮ್ ನೇರ ರಿಸೀವರ್‌ಗೆ ನುಗ್ಗುತ್ತದೆ. 85ರಲ್ಲಿ ಇರಬೇಕಾದ ನೀರು ಕುದಿಯತೊಡಗುತ್ತದೆ, ಪಂಪ್ ಅರಚುತ್ತದೆ. ಪಂಪಿನ ಅರಚಾಟ ಇಲ್ಲಿ ಟ್ರ್ಯಾಪ್ ಕೊಟ್ಟ ದೂರು. ಪಂಪ್ ತೆಗೆದು ಹಾಕಿದರೆ ದೂರು ನಿಲ್ಲುತ್ತದೆ, ಸೋರಿಕೆ ಮುಂದುವರಿಯುತ್ತದೆ. ಸ್ಕ್ರೂಡ್ರೈವರ್‌ನ ಹಿಡಿಯನ್ನು ಕಿವಿಗಿಟ್ಟು ಟ್ರ್ಯಾಪ್ ಕೇಳುವ ಹಳೆಯ ಫಿಟ್ಟರುಗಳು ಇನ್ನೂ ಇದ್ದಾರೆ; ಅವರ ಕಿವಿಗೆ ನಾನು ಗೌರವ ಕೊಡುತ್ತೇನೆ. ತಿಂಗಳಿಗೊಮ್ಮೆ ಎಲ್ಲ ಟ್ರ್ಯಾಪ್ ಕೇಳಿ ಬರೆದಿಡುವ ಪುಸ್ತಕ ಇದ್ದ ಮಿಲ್ಲಿನಲ್ಲಿ ಪಂಪಿನ ದೂರು ಅಪರೂಪ.

ಇನ್ನೊಂದು, ರಿಸೀವರ್‌ನ ವೆಂಟ್ ಪೈಪ್. ನಾಲ್ಕು ಬಾರ್ ಗೇಜ್‌ನಲ್ಲಿ ಕಂಡೆನ್ಸೇಟ್‌ನ ಉಷ್ಣತೆ 152 ಡಿಗ್ರಿ. ಅದು ತೆರೆದ ಟ್ಯಾಂಕಿಗೆ ಬಿದ್ದ ಕೂಡಲೇ ಸುಮಾರು ಶೇ 10ರಷ್ಟು ಮತ್ತೆ ಹಬೆಯಾಗಿ ಎದ್ದುಬಿಡುತ್ತದೆ. ಇದು ಫ್ಲ್ಯಾಶ್ ಸ್ಟೀಮ್. ಗಂಟೆಗೆ ಒಂದು ಟನ್ ಕಂಡೆನ್ಸೇಟ್ ಅಂದರೆ 100 ಕೆ.ಜಿ. ಫ್ಲ್ಯಾಶ್, ಗಾತ್ರದಲ್ಲಿ 165 ಘನ ಮೀಟರಿಗೂ ಹೆಚ್ಚು. ಇಷ್ಟು ಹಬೆ ಸಲೀಸಾಗಿ ಹೊರಹೋಗಲು ಮೂರು ಇಂಚಿನ ವೆಂಟ್ ಬೇಕು. ನಾನು ಕಂಡ ಬಹುಪಾಲು ಟ್ಯಾಂಕುಗಳಿಗೆ ಒಂದಿಂಚಿನ ಪೈಪ್ ಇತ್ತು, ಕೆಲವಕ್ಕೆ ಅದಕ್ಕೂ ವಾಲ್ವ್ ಹಾಕಿ ಮುಚ್ಚಿದ್ದರು. ಹಬೆ ಪೋಲಾಗುವುದು ಕಣ್ಣಿಗೆ ಕಾಣುತ್ತದೆ, ಮಾಲೀಕರು ಬೈಯುತ್ತಾರೆ, ಅಟೆಂಡೆಂಟ್ ವಾಲ್ವ್ ತಿರುಗಿಸುತ್ತಾನೆ. ಇದು ಪಂಪಿನ ಪ್ರಶ್ನೆಯನ್ನು ಮೀರಿದ ಅಪಾಯ. ಆ ಟ್ಯಾಂಕ್ ಒತ್ತಡ ತಡೆಯಲು ಮಾಡಿದ್ದಲ್ಲ, ತಗಡು ಬೆಸೆದು ಮಾಡಿದ ತೊಟ್ಟಿ. ಮುಚ್ಚಿದ ವೆಂಟ್ ಕಂಡರೆ ಅಂದೇ ಬಿಚ್ಚಿಸಿ, ವಾಲ್ವ್ ಕಳಚಿ ಎಸೆಯಿರಿ.

ಇದೇ ವೆಂಟ್ ಅನ್ನು ಹಿಡಿದು ಇನ್ನೊಂದು ವಾದ ಬರುತ್ತದೆ, ಮತ್ತು ಈ ವಾದ ಮಾಡುವವರು ವಿಷಯ ಬಲ್ಲವರು. “ನಿಮ್ಮ ತೆರೆದ ರಿಸೀವರ್‌ನಿಂದ ಫ್ಲ್ಯಾಶ್ ಆಗಿ ಹೋಗುವ ಹಬೆಯಲ್ಲೇ ಕಂಡೆನ್ಸೇಟ್‌ನ ಅರ್ಧ ಶಾಖ ಹೋಗುತ್ತದೆ. ಎಲೆಕ್ಟ್ರಿಕ್ ಪಂಪ್ ಉಳಿಸುವುದು ಉಳಿದರ್ಧ ಮಾತ್ರ. ಮುಚ್ಚಿದ ಒತ್ತಡದ ವ್ಯವಸ್ಥೆ ಹಾಕಿಸಿ.” ಅಂಕಿ ಸರಿಯಾಗಿದೆ. ನಾಲ್ಕು ಬಾರ್‌ನಿಂದ ಬಿದ್ದ ಕಂಡೆನ್ಸೇಟ್‌ನಲ್ಲಿ ತಣ್ಣೀರಿಗಿಂತ ಹೆಚ್ಚಿಗೆ ಇರುವ ಶಾಖದ ಶೇ 47–48ರಷ್ಟು ಆ ಹತ್ತನೇ ಒಂದು ಭಾಗದ ಹಬೆಯಲ್ಲೇ ಕೂತಿರುತ್ತದೆ. ಮುಚ್ಚಿದ ವ್ಯವಸ್ಥೆ ದೊಡ್ಡ ಕಾರ್ಖಾನೆಗೆ ಒಳ್ಳೆಯದು ಎಂಬುದರಲ್ಲೂ ನನಗೆ ತಕರಾರಿಲ್ಲ. ಆದರೆ ಅಕ್ಕಿ ಮಿಲ್ಲಿನಲ್ಲಿ ಡ್ರೈಯರ್‌ನ ಹತ್ತಡಿ ದೂರದಲ್ಲೇ ಭತ್ತ ನೆನೆಸುವ ತೊಟ್ಟಿಗಳಿವೆ, ಅವಕ್ಕೆ 65–70 ಡಿಗ್ರಿಯ ಬಿಸಿನೀರು ಬೇಕು, ಅದನ್ನು ಈಗ ಹೊಸ ಸ್ಟೀಮ್ ಊದಿ ಕಾಯಿಸುತ್ತಾರೆ. ರಿಸೀವರ್‌ಗೆ ಮುಂಚೆ ಒಂದು ಫ್ಲ್ಯಾಶ್ ವೆಸೆಲ್ ಇಟ್ಟು, ಅಲ್ಲಿ ಬೇರ್ಪಟ್ಟ ಹಬೆಯನ್ನು ಆ ನೀರಿನ ಟ್ಯಾಂಕಿಗೆ ಹಾಯಿಸಿ. ವೆಂಟ್‌ನಲ್ಲಿ ಹೋಗುತ್ತಿದ್ದ ಅರ್ಧ ಶಾಖ ಭತ್ತ ನೆನೆಸುವುದಕ್ಕೆ ಬಂತು, ರಿಸೀವರ್‌ಗೆ ಇಳಿದ ನೀರು ಶಾಂತವಾಯಿತು, ಪಂಪ್ ನೆಮ್ಮದಿಯಿಂದ ಓಡಿತು. ಬಣ್ಣದ ಕಾರ್ಖಾನೆಯಲ್ಲಿ ತೊಳೆಯುವ ನೀರಿಗೆ, ಡೇರಿಯಲ್ಲಿ ಕ್ಯಾನ್ ತೊಳೆಯುವ ನೀರಿಗೆ ಹೀಗೆಯೇ ಮಾಡಬಹುದು. ಕಡಿಮೆ ಶಾಖ ಸಾಕಾಗುವ ಕೆಲಸ ಇಲ್ಲದ ಕಾರ್ಖಾನೆ ನನಗೆ ಇನ್ನೂ ಸಿಕ್ಕಿಲ್ಲ.

“ಕರೆಂಟ್ ಹೋದರೆ ಏನು ಮಾಡುವುದು?” ಈ ಪ್ರಶ್ನೆ ಹಳ್ಳಿಗಾಡಿನ ಮಿಲ್ಲುಗಳಿಂದ ಬಂದಾಗ ಅದರ ಹಿಂದಿರುವ ನೋವು ಅರ್ಥವಾಗುತ್ತದೆ. ಆದರೆ ಕರೆಂಟ್ ಹೋದಾಗ ಡ್ರೈಯರ್‌ನ ಫ್ಯಾನ್ ನಿಲ್ಲುತ್ತದೆ, ಎಲಿವೇಟರ್ ನಿಲ್ಲುತ್ತದೆ, ಬಾಯ್ಲರ್‌ನ ಐಡಿ ಫ್ಯಾನ್ ಮತ್ತು ಫೀಡ್ ಪಂಪ್ ನಿಲ್ಲುತ್ತವೆ. ಗಾಳಿ ಬೀಸದ ರೇಡಿಯೇಟರ್‌ನಲ್ಲಿ ಕಂಡೆನ್ಸೇಟ್ ಹುಟ್ಟುವುದೇ ಅತ್ಯಲ್ಪ, ರಿಸೀವರ್‌ನ ಓವರ್‌ಫ್ಲೋ ಅದನ್ನು ನೋಡಿಕೊಳ್ಳುತ್ತದೆ. ಜನರೇಟರ್ ಹಾಕಿದರೆ ಫ್ಯಾನಿನ ಜೊತೆ ಈ ಪಂಪೂ ಓಡುತ್ತದೆ.

ಬಿಲ್ಲಿನ ಭಯಕ್ಕೂ ಆಧಾರವಿಲ್ಲ. ಗಂಟೆಗೆ ಒಂದು ಟನ್ ನೀರನ್ನು 15 ಮೀಟರ್ ಎತ್ತಲು ಒಂದು ಎಚ್‌ಪಿ ಪಂಪ್ ಗಂಟೆಯ ಮೂರನೇ ಒಂದು ಭಾಗ ಓಡಿದರೆ ಸಾಕು, ಅಂದರೆ ಕಾಲು ಯೂನಿಟ್. ಆ ನೀರು ಹೊತ್ತು ತರುವ 63,000 ಕಿಲೋ ಕ್ಯಾಲೊರಿಯನ್ನು ಯೂನಿಟ್‌ಗೆ ತಿರುಗಿಸಿದರೆ 73.

ಬಾಯ್ಲರ್ ಅಟೆಂಡೆಂಟರ ಒಂದು ದೂರನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. “ಪಂಪ್ ಹಾಕಿದ ಮೇಲೆ ಗ್ಲಾಸ್‌ನಲ್ಲಿ ನೀರಿನ ಮಟ್ಟ ಹಿಡಿತಕ್ಕೆ ಸಿಗುತ್ತಿಲ್ಲ. ಒಮ್ಮೆ ಕೆಳಗೆ ಹೋಗುತ್ತದೆ, ಒಮ್ಮೆ ತುಂಬಿಬಿಡುತ್ತದೆ, ಸ್ಟೀಮ್ ಜೊತೆ ನೀರು ಹೋಗುತ್ತದೆ.” ಇಂಥಲ್ಲಿ ಹೋಗಿ ನೋಡಿದರೆ ಕಂಡೆನ್ಸೇಟ್ ಪಂಪಿನ ಪೈಪನ್ನು ನೇರ ಬಾಯ್ಲರ್‌ಗೇ ಜೋಡಿಸಿರುತ್ತಾರೆ. ಆ ಪಂಪ್ ತನ್ನ ರಿಸೀವರ್‌ನ ಫ್ಲೋಟ್ ಹೇಳಿದಾಗ ಓಡುತ್ತದೆ, ಬಾಯ್ಲರ್‌ಗೆ ನೀರು ಬೇಕೋ ಬೇಡವೋ ಅದಕ್ಕೆ ಗೊತ್ತಿಲ್ಲ. ಹಬೆ ಹೊರಟು ನೀರಾಗಿ ಮರಳುವ ನಡುವೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಬಾಯ್ಲರ್‌ನ ಮಟ್ಟ ಇಳಿದು ಫೀಡ್ ಪಂಪ್ ಹೊಸ ನೀರು ತುಂಬಿರುತ್ತದೆ, ಆಮೇಲೆ ಹಳೆ ನೀರೂ ಬಂದು ಸೇರುತ್ತದೆ. ಅಮೆರಿಕದ ಹಳೆ ಕಟ್ಟಡಗಳನ್ನು ಬೆಚ್ಚಗಿಡುವ ಸ್ಟೀಮ್ ಬಾಯ್ಲರುಗಳಲ್ಲಿ ಇದು ಬಹಳ ಹಿಂದಿನಿಂದ ಕಂಡ ತೊಂದರೆ. ಅಲ್ಲಿನವರು ಕಂಡುಕೊಂಡ ದಾರಿ ಇಲ್ಲಿಗೂ ಸಲ್ಲುತ್ತದೆ: ಕಂಡೆನ್ಸೇಟ್ ಪಂಪ್ ನೀರು ಕೊಡಬೇಕಾದ್ದು ದೊಡ್ಡ ಫೀಡ್ ಟ್ಯಾಂಕಿಗೆ, ಅಲ್ಲಿಂದ ಬಾಯ್ಲರ್‌ಗೆ ಕೊಡುವ ಪಂಪ್ ಬಾಯ್ಲರ್‌ನ ಮಟ್ಟ ನೋಡಿ ಓಡಬೇಕು. ಎರಡು ಪಂಪ್, ಎರಡು ಹುದ್ದೆ.

ಅಟೆಂಡೆಂಟರಲ್ಲಿ ಹಿರಿಯರು ಇದಕ್ಕೊಂದು ಸೇರಿಸುತ್ತಾರೆ, ಫೀಡ್ ಟ್ಯಾಂಕಿನ ನೀರು ಬಿಸಿಯಾದರೆ ಬಾಯ್ಲರ್ ಒಳಗೆ ಹೋಗುವುದಿಲ್ಲ ಎಂದು. ಈ ನಂಬಿಕೆಗೆ ಇತಿಹಾಸವಿದೆ. ಫ್ರಾನ್ಸ್‌ನ ಆನ್ರಿ ಜಿಫಾರ್ 1858ರಲ್ಲಿ ಕಂಡುಹಿಡಿದ ಸ್ಟೀಮ್ ಇಂಜೆಕ್ಟರ್ ಹಳೆ ಬಾಯ್ಲರುಗಳಲ್ಲಿ ಫೀಡ್ ಪಂಪಿನ ಕೆಲಸ ಮಾಡುತ್ತಿತ್ತು. ತಣ್ಣೀರು ಹಬೆಯನ್ನು ನೀರಾಗಿಸಿದರೆ ಮಾತ್ರ ಅದು ನಡೆಯುತ್ತದೆ, ಬಿಸಿನೀರು ಕೊಟ್ಟರೆ ಕೈಕೊಡುತ್ತದೆ. ಇಂಜೆಕ್ಟರ್ ಹೋಯಿತು, ಅದರ ಪಾಠ ಬಾಯ್ಲರ್ ಮನೆಯಲ್ಲಿ ಉಳಿದುಕೊಂಡಿತು. ಇಂದಿನ ಮಲ್ಟಿಸ್ಟೇಜ್ ಫೀಡ್ ಪಂಪಿಗೆ ಬೇಕಿರುವುದು ಟ್ಯಾಂಕಿನ ಎತ್ತರ, ಅಷ್ಟೇ. 90 ಡಿಗ್ರಿಯ ನೀರು ಬರುತ್ತದೆ ಎಂದು ಗೊತ್ತಿದ್ದರೆ ಫೀಡ್ ಟ್ಯಾಂಕ್ ಫೀಡ್ ಪಂಪಿಗಿಂತ ಕನಿಷ್ಠ ಮೂರು ನಾಲ್ಕು ಮೀಟರ್ ಮೇಲಿರಲಿ. ಬಿಸಿನೀರಿನಿಂದ ಇನ್ನೊಂದು ಲಾಭವೂ ಇದೆ. 27 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿರುತ್ತದೆ, 90ರಲ್ಲಿ 2ಕ್ಕಿಂತ ಕಡಿಮೆ. ಟ್ಯೂಬುಗಳಿಗೆ ಗುಳಿ ಬೀಳಿಸುವುದು ಈ ಆಮ್ಲಜನಕವೇ.

“ಕಂಡೆನ್ಸೇಟ್ ಪೈಪ್ ತಿನ್ನುತ್ತದೆ” ಎಂಬ ಮಾತೂ ನಿಜ. ವಾಪಸ್ ಬರುವ ಪೈಪಿನ ತಳದಲ್ಲಿ ಗೀರು ಬಿದ್ದಂತೆ ಸವೆದಿರುವುದನ್ನು ಯಾರು ಬೇಕಾದರೂ ನೋಡಬಹುದು. ಇದನ್ನು ಮಾಡುವುದು ಕಾರ್ಬಾನಿಕ್ ಆಮ್ಲ. ಅದು ಬರುವುದು ಬೋರ್‌ವೆಲ್ ನೀರಿನ ಬೈಕಾರ್ಬೊನೇಟ್‌ನಿಂದ: ಬಾಯ್ಲರ್‌ನ ಬಿಸಿಗೆ ಅದು ಒಡೆದು ಇಂಗಾಲದ ಡೈಆಕ್ಸೈಡ್ ಹಬೆಯ ಜೊತೆ ಹೊರಡುತ್ತದೆ, ಹಬೆ ನೀರಾದ ಕಡೆ ಅದರಲ್ಲಿ ಕರಗಿ ಆಮ್ಲವಾಗುತ್ತದೆ. ಹಾಗಾದರೆ ಆಮ್ಲ ಕಡಿಮೆ ಮಾಡುವ ದಾರಿ ಯಾವುದು? ಬೋರ್‌ವೆಲ್ ನೀರು ಕಡಿಮೆ ಹಾಕುವುದು. ಅದಕ್ಕೆ ಕಂಡೆನ್ಸೇಟ್ ಹೆಚ್ಚು ತರಬೇಕು. ಆಕ್ಷೇಪಕ್ಕೆ ಉತ್ತರ ಆಕ್ಷೇಪದ ಒಳಗೇ ಇದೆ.

“ಕಂಡೆನ್ಸೇಟ್‌ನಲ್ಲಿ ಬಣ್ಣ, ಎಣ್ಣೆ, ಸಕ್ಕರೆ ಸೇರಿ ಬಾಯ್ಲರ್ ಕೆಟ್ಟರೆ?” ಕಾಯಿಲ್ ತೂತಾದರೆ ಹಾಗಾಗಬಹುದು. ಅದಕ್ಕೆಂದು ಪ್ರತಿ ದಿನದ ಒಳ್ಳೆಯ ನೀರನ್ನೂ ಚೆಲ್ಲುವ ಬದಲು ಕಾವಲು ಇಡಬೇಕು. ಸಕ್ಕರೆ ಕಾರ್ಖಾನೆಗಳು ಇದನ್ನು ಬಹಳ ಕಾಲದಿಂದ ಮಾಡಿಕೊಂಡು ಬಂದಿವೆ. ಕಂಡೆನ್ಸೇಟ್ ಮಾದರಿಗೆ ಆಲ್ಫಾ ನ್ಯಾಫ್ಥಾಲ್ ಹನಿ ಹಾಕಿ, ಗಂಧಕಾಮ್ಲ ಇಳಿಬಿಟ್ಟು, ನೇರಳೆ ಉಂಗುರ ಕಂಡರೆ ಆ ನೀರನ್ನು ಬಾಯ್ಲರ್‌ಗೆ ಬಿಡುವುದಿಲ್ಲ. ಮಂಡ್ಯದಲ್ಲಾಗಲಿ ಬೆಳಗಾವಿ, ಬಾಗಲಕೋಟೆಯಲ್ಲಾಗಲಿ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ದುಡಿದವರಿಗೆ ಈ ಪರೀಕ್ಷೆ ಕೈರೂಢಿ. ಬಣ್ಣದ ಕಾರ್ಖಾನೆಯಲ್ಲಿ, ಡೇರಿಯಲ್ಲಿ ಕಂಡಕ್ಟಿವಿಟಿ ಮೀಟರ್ ಒಂದನ್ನು ರಿಸೀವರ್‌ಗೆ ಮುಂಚೆ ಕೂರಿಸಿ, ಅಂಕಿ ಏರಿದರೆ ನೀರನ್ನು ಹೊರಗೆ ತಿರುಗಿಸುವ ವಾಲ್ವ್ ಇಡಬಹುದು. ಅಕ್ಕಿ ಮಿಲ್ಲಿನ ಡ್ರೈಯರ್‌ನಲ್ಲಿ ಟ್ಯೂಬಿನ ಹೊರಗಿರುವುದು ಬರೀ ಗಾಳಿ, ಅಲ್ಲಿ ಈ ಭಯಕ್ಕೆ ಜಾಗವೇ ಇಲ್ಲ. ಹಬೆಯನ್ನು ನೇರ ಅನ್ನದ ಪಾತ್ರೆಗೋ ಭತ್ತಕ್ಕೋ ಊದುವ ಕಡೆ ಮರಳಿ ತರಲು ನೀರೇ ಉಳಿಯುವುದಿಲ್ಲ, ಅದು ಈ ಚರ್ಚೆಯ ಹೊರಗಿನ ಮಾತು.

ಓದಿಕೊಂಡವರು ನ್ಯೂಯಾರ್ಕಿನ ಉದಾಹರಣೆ ಕೊಡುತ್ತಾರೆ. 1882ರಿಂದ ಮ್ಯಾನ್‌ಹಟನ್‌ನ ಬೀದಿಗಳ ಕೆಳಗೆ ಸ್ಟೀಮ್ ಹರಿಯುತ್ತಿದೆ, ಇಂದು ಅದನ್ನು ನಡೆಸುವ ಕಾನ್ ಎಡಿಸನ್ ಕಂಪನಿ ಕಂಡೆನ್ಸೇಟ್ ವಾಪಸ್ ಪಡೆಯುವುದಿಲ್ಲ, ಕಟ್ಟಡದವರು ತಣ್ಣಗೆ ಮಾಡಿ ಒಳಚರಂಡಿಗೆ ಬಿಡುತ್ತಾರೆ. ಅಷ್ಟು ದೊಡ್ಡ ನಗರಕ್ಕೇ ಬೇಡವಾದದ್ದು ನಮಗೆ ಯಾಕೆ ಎಂದು ಕೇಳುತ್ತಾರೆ. ಅಲ್ಲಿ ಗ್ರಾಹಕನಿಂದ ಬಾಯ್ಲರ್‌ಗೆ ಕಿಲೋಮೀಟರ್‌ಗಟ್ಟಲೆ ದೂರ, ನಡುವೆ ಜಗತ್ತಿನ ಅತಿ ಕಿಕ್ಕಿರಿದ ನೆಲದಡಿ, ಇನ್ನೊಂದು ಪೈಪಿಗೆ ಅಗೆಯುವುದೇ ದುಸ್ತರ. ಅಲ್ಲೂ ಎಷ್ಟೋ ಕಟ್ಟಡಗಳು ಆ ನೀರನ್ನು ಬಿಡುವ ಮೊದಲು ಸ್ನಾನದ ನೀರು ಬೆಚ್ಚಗಾಗಿಸಲು ಬಳಸಿಕೊಳ್ಳುತ್ತವೆ. 1927ರಲ್ಲಿ ಕಂಪನಿ ಕಟ್ಟಿ ಸ್ಟೀಮ್ ಹಂಚಲು ಹೊರಟ ಪ್ಯಾರಿಸ್ ನಗರ ಮರಳುವ ನೀರಿಗೂ ಪೈಪ್ ಹಾಕಿಕೊಂಡಿತು. ನಿಮ್ಮ ಡ್ರೈಯರ್‌ನಿಂದ ಬಾಯ್ಲರ್‌ಗೆ ಇರುವುದು ಐವತ್ತೋ ನೂರೋ ಅಡಿ. ಹೋಲಿಸಬೇಕಾದರೆ ಅದನ್ನು ಹೋಲಿಸಿ.

ಕೊನೆಯದಾಗಿ, ಸ್ಟೀಮ್‌ನಿಂದಲೇ ಓಡುವ ಮೆಕ್ಯಾನಿಕಲ್ ಪಂಪ್ ಮಾರುವವರು. ಅವರ ಪಂಪ್ ಒಳ್ಳೆಯದು. ಮುಚ್ಚಿದ ಪಾತ್ರೆ, ಒಳಗೆ ಫ್ಲೋಟ್; ನೀರು ತುಂಬಿದಾಗ ಫ್ಲೋಟ್ ಏರಿ ಸ್ಟೀಮ್ ವಾಲ್ವ್ ತೆರೆಯುತ್ತದೆ, ಸ್ಟೀಮ್ ನೀರನ್ನು ನೂಕುತ್ತದೆ. ತಿರುಗುವ ಇಂಪೆಲ್ಲರ್ ಇಲ್ಲ, ಸೀಲ್ ಇಲ್ಲ, ಕುದಿಯುವ ನೀರಿಗೂ ಹೆದರುವುದಿಲ್ಲ. ಸಾಲ್ವೆಂಟ್ ಬಳಸುವ, ಕಿಡಿ ಹಾರಬಾರದ ಜಾಗದಲ್ಲಿ, ಯಾವಾಗಲೂ ನೀರು ತುಂಬುವ ಗುಂಡಿಯಲ್ಲಿ, ಒತ್ತಡ ಸದಾ ವಾತಾವರಣಕ್ಕಿಂತ ಕೆಳಗಿರುವ ಹೀಟ್ ಎಕ್ಸ್‌ಚೇಂಜರ್‌ನ ಬುಡದಲ್ಲಿ ಅದನ್ನೇ ಹಾಕಿ ಎಂದು ನಾನೂ ಹೇಳುತ್ತೇನೆ. ಆದರೆ “ಇದಕ್ಕೆ ಖರ್ಚೇ ಇಲ್ಲ, ನಿರ್ವಹಣೆಯೇ ಬೇಡ” ಎಂಬ ಮಾರಾಟದ ಮಾತನ್ನು ಒಪ್ಪಲಾರೆ. ಅದು ಓಡುವುದು ನೀವು ಹೊಟ್ಟು ಸುಟ್ಟು ಮಾಡಿದ ಸ್ಟೀಮ್‌ನಿಂದ. ಒಳಗೆ ಸ್ಪ್ರಿಂಗ್, ಲಿವರ್, ಎರಡು ಚೆಕ್ ವಾಲ್ವ್ ಇವೆ, ಇವೆಲ್ಲ ಸವೆಯುತ್ತವೆ. ಕೆಟ್ಟರೆ ರಿಪೇರಿಗೆ ಕಂಪನಿಯವರೇ ಬರಬೇಕು, ಬಿಡಿಭಾಗ ಅವರಲ್ಲೇ ಸಿಗಬೇಕು. ಎಲೆಕ್ಟ್ರಿಕ್ ಪಂಪಿನ ಮೋಟರ್ ಸುಟ್ಟರೆ ತಾಲ್ಲೂಕು ಊರಿನಲ್ಲೇ ಅದೇ ದಿನ ರಿವೈಂಡಿಂಗ್ ಮಾಡಿಕೊಡುವವರು ಇದ್ದಾರೆ, ಸೀಲ್ ಬದಲಿಸಲು ನಿಮ್ಮ ಫಿಟ್ಟರ್ ಸಾಕು. ಸೀಸನ್ನಿನ ನಡುವೆ ಡ್ರೈಯರ್ ನಿಂತರೆ ಹಸಿ ಭತ್ತ ಬಿಸಿಯೇರಿ ಕೆಡುವ ಕಡೆ ಇದು ಸಣ್ಣ ಮಾತಲ್ಲ.

ಇಷ್ಟರ ಮೇಲೂ ಎಲೆಕ್ಟ್ರಿಕ್ ಪಂಪ್ ನಮ್ಮಲ್ಲಿ ನಡೆಯುವುದಿಲ್ಲ ಎನ್ನುವವರು ನನಗೆ ನಾಲ್ಕು ಅಂಕಿ ತಂದುಕೊಡಲಿ: ಪಂಪ್ ಅರಚುತ್ತಿದ್ದಾಗ ರಿಸೀವರ್‌ನಲ್ಲಿದ್ದ ನೀರಿನ ಉಷ್ಣತೆ, ಪಂಪಿನ ಬಾಯಿಂದ ಆ ನೀರಿನ ಮಟ್ಟಕ್ಕಿದ್ದ ಎತ್ತರ, ವೆಂಟ್ ಪೈಪಿನ ಅಳತೆ, ಮತ್ತು ಅಂದು ತೆರೆದು ಸಿಕ್ಕಿಹಾಕಿಕೊಂಡಿದ್ದ ಟ್ರ್ಯಾಪ್‌ಗಳು ಎಷ್ಟು ಎಂಬುದು. ಈ ನಾಲ್ಕೂ ಸರಿಯಿದ್ದು ಪಂಪ್ ಕೆಟ್ಟಿದ್ದರೆ, ಆ ಮಿಲ್ಲಿಗೆ ನಾನೇ ಬಂದು ನೋಡುತ್ತೇನೆ.